ಏನೂ ಉಳಿಯದ ರಾಜಧಾನಿಯನ್ನು ನೋಡುವುದು ಹೇಗೆ: ಸಮಗ್ರ ಮಾರ್ಗದರ್ಶಿ

"ಇಷ್ಟೇನಾ?"

ಹಾಳುಬಿದ್ದ ರಾಜಧಾನಿಯ ಗೇಟು ದಾಟಿದ ಐದೇ ನಿಮಿಷಕ್ಕೆ ಎಷ್ಟೋ ಜನರ ಬಾಯಿಂದ ಬರುವ ಮಾತು ಇದು. ಪುಸ್ತಕದಲ್ಲಿ ಓದಿದ ಸಾಮ್ರಾಜ್ಯ ದೊಡ್ಡದು. ಎದುರಿಗಿರುವುದು ಒಣಹುಲ್ಲು, ಮೊಣಕಾಲೆತ್ತರದ ನಾಲ್ಕು ಗೋಡೆ, ಬಣ್ಣ ಹೋದ ಒಂದು ಬೋರ್ಡು. ಎರಡು ಫೋಟೊ ತೆಗೆದು, ನೆರಳು ಹುಡುಕಿ ಕೂತು, ವಾಪಸ್. ನಾನೂ ಮೊದಮೊದಲು ಹಾಗೇ ವಾಪಸ್ ಬಂದವನು. ಒಂದು ಕಡೆ ಊಟದ ಡಬ್ಬಿ ಬಿಚ್ಚಿ ಕೂತಿದ್ದ ದಿಬ್ಬವೇ ಅರಮನೆ ಅಂತ ಗೊತ್ತಾಗಿದ್ದು ಮನೆಗೆ ಬಂದು ನಕ್ಷೆ ನೋಡಿದ ಮೇಲೆ!

ಆಮೇಲೆ ಪ್ರಶ್ನೆ ಬದಲಾಯಿಸಿಕೊಂಡೆ. "ಇಷ್ಟೇನಾ" ಅನ್ನುವ ಬದಲು "ಉಳಿದದ್ದೆಲ್ಲ ಎಲ್ಲಿ ಹೋಯಿತು?" ಅಂತ ಕೇಳಲು ಶುರು ಮಾಡಿದೆ. ಇಡೀ ಊರು ಗಾಳಿಗೆ ಹಾರಿಹೋಗುವುದಿಲ್ಲ, ಅಲ್ವಾ? ಕರಗಿ ಮಣ್ಣಾಗಿರಬೇಕು. ಯಾರೋ ಹೊತ್ತುಕೊಂಡು ಹೋಗಿರಬೇಕು. ಮ್ಯೂಸಿಯಂ ಸೇರಿರಬೇಕು. ಇಲ್ಲಾ, ನಮ್ಮ ಕಾಲ ಕೆಳಗೇ ಇರಬೇಕು. ಕೆಳಗಿನ ಹಂತಗಳೆಲ್ಲ ಆ ಹುಡುಕಾಟಕ್ಕೇ.

ಹಂತ 1: ಊರು ಹೇಗೆ ಸತ್ತಿತು ಅಂತ ಮೊದಲು ತಿಳಿದುಕೊಳ್ಳಿ

ಊರು ಕಟ್ಟಿದ ಕಥೆಯನ್ನು ಎಲ್ಲರೂ ಓದುತ್ತಾರೆ. ಹಾಳು ನೋಡಲು ಹೋಗುವವರಿಗೆ ಸಾವಿನ ಕಥೆಯೇ ಜಾಸ್ತಿ ಕೆಲಸಕ್ಕೆ ಬರುತ್ತದೆ. ನೆಲದ ಮೇಲೆ ಏನು ಸಿಗುತ್ತದೆ ಅನ್ನುವುದು ಅದರ ಮೇಲೇ ನಿಂತಿದೆ.

ಬಿಟ್ಟುಹೋದ ಊರು ಒಂದು ಬಗೆ. ಈಜಿಪ್ಟಿನ ಅಮಾರ್ನವನ್ನು ದೊರೆ ಅಖೆನಾತನ್ ಕ್ರಿ.ಪೂ. 1346ರ ಸುಮಾರಿಗೆ ಖಾಲಿ ಮರಳಿನಲ್ಲಿ ಕಟ್ಟಿಸಿದ. ಅವನು ಸತ್ತು ಕೆಲವೇ ವರ್ಷಕ್ಕೆ ಆಸ್ಥಾನ ಅಲ್ಲಿಂದ ಎದ್ದುಹೋಯಿತು. ಇಂಥ ಕಡೆ ಒಂದೇ ಕಾಲದ ಊರು ಒಂದೇ ಪದರದಲ್ಲಿ ಮಲಗಿರುತ್ತದೆ. ಬೀದಿ, ಮನೆ, ಬಾವಿ ಎಲ್ಲ ಸಲೀಸಾಗಿ ಬಿಡಿಸಿಕೊಳ್ಳುತ್ತವೆ. ಜಪಾನಿನ ನಾರಾದಲ್ಲಿ 710ರಿಂದ 784ರವರೆಗೆ ಇದ್ದ ಹೈಜೋ ರಾಜಧಾನಿಯದೂ ಹೆಚ್ಚುಕಮ್ಮಿ ಇದೇ ಕಥೆ. ಆಸ್ಥಾನ ಹೋದ ಮೇಲೆ ಅರಮನೆಯ ಜಾಗ ಗದ್ದೆಯಾಯಿತು.

ಸುಟ್ಟ ಊರು ಇನ್ನೊಂದು ಬಗೆ. ಟರ್ಕಿಯ ಹತ್ತೂಸ ಹಿಟ್ಟೈಟರು ಎಂಬ ಪ್ರಾಚೀನ ಜನರ ರಾಜಧಾನಿ. ಕ್ರಿ.ಪೂ. 1180ರ ಸುಮಾರಿಗೆ ಅದರ ಕಥೆ ಮುಗಿಯಿತು. ಅಗೆದವರಿಗೆ ಸುಟ್ಟ ಅರಮನೆ, ಸುಟ್ಟ ಗುಡಿ ಸಿಕ್ಕವು. ಆದರೆ ಒಳಗೆ ಬೆಲೆಬಾಳುವ ಸಾಮಾನು ಅಷ್ಟಾಗಿ ಸಿಗಲಿಲ್ಲ. ಬೆಂಕಿ ಬೀಳುವ ಮುಂಚೆಯೇ ಜನ ಗಂಟುಮೂಟೆ ಕಟ್ಟಿಕೊಂಡು ಹೊರಟಿದ್ದರು ಅನ್ನುವ ಊಹೆ ಹುಟ್ಟಿದ್ದು ಅದರಿಂದಲೇ. ನೆಲದಲ್ಲಿ ಇದರ ಗುರುತು ಸುಲಭ: ಹಸಿ ಇಟ್ಟಿಗೆ ಬೆಂಕಿಗೆ ಸಿಕ್ಕರೆ ಕೆಂಪಾಗಿ ಗಟ್ಟಿಯಾಗುತ್ತದೆ. ಬೂದು ಮಣ್ಣಿನ ನಡುವೆ ಕೆಂಪು ಪಟ್ಟಿ ಕಂಡರೆ ಅಲ್ಲೇ ನಿಲ್ಲಿ.

ಲೂಟಿಯಾದ ಊರಿಗೆ ನಮ್ಮ ಮಾನ್ಯಖೇಟಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುತ್ತಿಲ್ಲ. ಇಂದ್ರನ ಊರನ್ನೇ ನಾಚಿಸುವಂತಿತ್ತು ಅಂತ ರಾಷ್ಟ್ರಕೂಟರ ತಾಮ್ರಶಾಸನ ಅದನ್ನು ಹೊಗಳುತ್ತದೆ. 972ರಲ್ಲಿ ಮಾಳವದ ಪರಮಾರರು ಅದನ್ನು ಕೊಳ್ಳೆ ಹೊಡೆದರು. ಆ ವರ್ಷ ಇಷ್ಟು ಖಚಿತವಾಗಿ ಗೊತ್ತಿರುವುದು ಹೇಗೆ ಗೊತ್ತೇ? ಧನಪಾಲ ಎಂಬ ಕವಿ ಧಾರಾ ನಗರದಲ್ಲಿ ಕೂತು ತಂಗಿಗಾಗಿ ಒಂದು ಪ್ರಾಕೃತ ನಿಘಂಟು ಬರೆದ. ಮಾಳವದವರು ಮಾನ್ಯಖೇಟವನ್ನು ದೋಚಿದ ವರ್ಷ ಇದನ್ನು ಮುಗಿಸಿದೆ ಅಂತ ಕೊನೆಯಲ್ಲಿ ಸೇರಿಸಿದ. ಒಂದು ಸಾಮ್ರಾಜ್ಯದ ರಾಜಧಾನಿ ಬಿದ್ದ ತಾರೀಖು ಉಳಿದದ್ದು ತಂಗಿಗೆ ಬರೆದ ಪದಕೋಶದಲ್ಲಿ. ಇಂಥ ಒಂದು ವಿವರ ಜೇಬಿನಲ್ಲಿದ್ದರೆ ಮುರಿದ ಕೋಟೆಯ ಮುಂದೆ ನಿಲ್ಲುವ ರೀತಿಯೇ ಬೇರೆ.

ಹಂತ 2: ಯಾವುದರಲ್ಲಿ ಕಟ್ಟಿದ್ದರು?

ಮರ, ಹಸಿ ಇಟ್ಟಿಗೆ, ಕಲ್ಲು. ಈ ಮೂರರಲ್ಲಿ ಯಾವುದು ಅಂತ ಗೊತ್ತಾದರೆ ಅರ್ಧ ನಿರಾಶೆ ಅಲ್ಲೇ ಕಳೆಯುತ್ತದೆ.

ಪಾಟಲಿಪುತ್ರದ ಸುತ್ತ ಮರದ ಗೋಡೆ ಇತ್ತು, ಅದಕ್ಕೆ 64 ಬಾಗಿಲು, 570 ಬುರುಜು ಅಂತ ಗ್ರೀಕ್ ರಾಯಭಾರಿ ಮೆಗಸ್ತನೀಸ್ ಹೇಳಿದ್ದಾಗಿ ದಾಖಲೆಯಿದೆ. ಮರ ಎರಡು ಸಾವಿರ ವರ್ಷ ನಿಂತಿರುತ್ತದೆಯೇ? ಪಾಟ್ನಾದ ಕುಮ್ರಾಹಾರಿನಲ್ಲಿ 1912ರ ಸುಮಾರಿಗೆ ಒಂದು ಮಂಟಪವನ್ನು ಅಗೆಯಲು ಶುರು ಮಾಡಿದ ಪುರಾತತ್ವಜ್ಞ ಸ್ಪೂನರ್‌ಗೆ ಕಲ್ಲಿನ ಕಂಬಗಳಿಗಿಂತ ಹೆಚ್ಚಾಗಿ ಸಿಕ್ಕಿದ್ದು ಬೂದಿಯ ಗುಂಡನೆಯ ಗುರುತುಗಳು. ಅವು ಒಂದೇ ಅಳತೆಯ ಅಂತರದಲ್ಲಿ, ಸಾಲುಸಾಲಾಗಿ ಇದ್ದವು. ಇಲ್ಲದ ಕಂಬಗಳನ್ನು ಅವರು ಹಾಗೆ ಎಣಿಸಿದರು. ಆಮೇಲೆ ಆ ಗುರುತುಗಳೂ ಕಣ್ಣಿಗೆ ಬೀಳದಂತಾದವು. ಅಂತರ್ಜಲ ಮೇಲೆ ಬಂದು ಹಾಳಾಗುತ್ತಿದೆ ಅಂತ ಮಂಟಪದ ನೆಲವನ್ನು ಮತ್ತೆ ಮಣ್ಣಿನಿಂದ ಮುಚ್ಚಿದರು. ಸುಮ್ನೆ ಪಾರ್ಕಿನಂತೆ ಕಾಣುತ್ತಿದ್ದ ಹುಲ್ಲುಹಾಸಿನ ಕೆಳಗೆ ಮೌರ್ಯರ ಕಾಲದ ಮಂಟಪ ಇತ್ತು. ಬೇಕೆಂದೇ ಹೂತಿಟ್ಟದ್ದು!

ಹಸಿ ಇಟ್ಟಿಗೆಯ ಊರು ಮಳೆಗೆ ಕರಗಿ ದಿಬ್ಬವಾಗುತ್ತದೆ. ಕಲ್ಲಿನ ಊರು ಕರಗುವುದಿಲ್ಲ, ಕಳುವಾಗುತ್ತದೆ. ಅದರ ಮಾತು ಮುಂದೆ ಬರುತ್ತದೆ.

ಹಂತ 3: ನಕ್ಷೆಯನ್ನು ಕಾಗದದ ಮೇಲೆ ತನ್ನಿ

ಅಗೆತದ ನಕ್ಷೆ ಇಲ್ಲದೆ ಇಂಥ ಜಾಗಕ್ಕೆ ಹೋಗುವುದೇ ಬೇಡ ಅನ್ನುವಷ್ಟು ಕಟ್ಟುನಿಟ್ಟು ನಾನು. ಪುರಾತತ್ವ ವರದಿಗಳಲ್ಲಿ, ಮ್ಯೂಸಿಯಂಗಳ ಜಾಲತಾಣಗಳಲ್ಲಿ ನಕ್ಷೆ ಸಿಗುತ್ತದೆ. ಉತ್ತರ ದಿಕ್ಕಿನ ಬಾಣ, ಅಳತೆಯ ಪಟ್ಟಿ ಎರಡೂ ಇರುವುದನ್ನು ಆರಿಸಿ ಪ್ರಿಂಟ್ ತೆಗೆಯಿರಿ. ಬಿಸಿಲಿನಲ್ಲಿ ಫೋನಿನ ಪರದೆ ಕಾಣುವುದಿಲ್ಲ, ನೆಟ್‌ವರ್ಕ್ ನಂಬುವ ಹಾಗಿಲ್ಲ, ಕಾಗದದ ಮೇಲಾದರೆ ಗೀಚಬಹುದು.

ಜೊತೆಗೆ ಉಪಗ್ರಹದ ಚಿತ್ರ ನೋಡಿ. ಗೂಗಲ್ ಅರ್ತ್‌ನಲ್ಲಿ ಹಳೆಯ ವರ್ಷಗಳ ಚಿತ್ರಗಳಿಗೂ ಹೋಗಬಹುದು. ಒಣ ತಿಂಗಳಿನ ಚಿತ್ರ ಹುಡುಕಿ. ಹೂತ ಗೋಡೆಯ ಮೇಲೆ ಮಣ್ಣು ತೆಳು, ಅಲ್ಲಿ ಬೆಳೆ ಬೇಗ ಹಳದಿಯಾಗುತ್ತದೆ. ಮುಚ್ಚಿಹೋದ ಕಂದಕದ ಮೇಲೆ ತೇವ ಜಾಸ್ತಿ, ಅಲ್ಲಿ ಹಸಿರು ದಟ್ಟ. ಹೊಲದ ನಡುವೆ ನೇರ ಗೆರೆ, ಲಂಬಕೋನ ಕಂಡರೆ ಅದು ಪ್ರಕೃತಿಯ ಕೆಲಸವಲ್ಲ. ಇನ್ನೂ ಹಳೆಯ ಚಿತ್ರ ಬೇಕಾದರೆ ಅಮೆರಿಕದ ಕೊರೋನಾ ಗೂಢಚಾರಿ ಉಪಗ್ರಹಗಳು 1960ರಿಂದ 1972ರವರೆಗೆ ತೆಗೆದವು ಇವೆ. 1995ರಲ್ಲಿ ಅವನ್ನು ಬಹಿರಂಗ ಮಾಡಿದರು. ಟ್ರ್ಯಾಕ್ಟರ್, ಬಡಾವಣೆ, ಅಣೆಕಟ್ಟು ಬಂದು ಅಳಿಸಿಹಾಕುವ ಮುಂಚಿನ ನೆಲ ಅವುಗಳಲ್ಲಿ ಕಾಣುತ್ತದೆ. ಹಾಗಾಗಿ ಪುರಾತತ್ವದವರಿಗೆ ಅವು ನಿಧಿ.

ಹಂತ 4: ಮ್ಯೂಸಿಯಂ ಮೊದಲು

ಮೊದಲೋ ಆಮೇಲೋ ಅಂತ ವಾದ ಇದೆ. ನನ್ನ ಪ್ರಕಾರ ಮೊದಲೇ. ಖಾಲಿ ನೆಲದ ಮೇಲೆ ಇಡಲು ತಲೆಯಲ್ಲಿ ಏನಾದರೂ ಇರಬೇಕಲ್ಲ.

ತೊಂದರೆ ಏನೆಂದರೆ, ಒಳ್ಳೊಳ್ಳೆ ವಸ್ತು ಎಷ್ಟೋ ಸಲ ಬೇರೆ ದೇಶದಲ್ಲಿರುತ್ತವೆ. ಅಮಾರ್ನದ ಶಿಲ್ಪಿಯೊಬ್ಬನ ಕಾರ್ಯಾಗಾರದಲ್ಲಿ 1912ರಲ್ಲಿ ಸಿಕ್ಕ, ಅಖೆನಾತನ್‌ನ ರಾಣಿ ನೆಫರ್ತೀತಿಯ ತಲೆ ಈಗ ಬರ್ಲಿನ್‌ನಲ್ಲಿದೆ. ಇರಾಕಿನ ಬ್ಯಾಬಿಲೋನಿನ ನೀಲಿ ಇಷ್ತಾರ್ ಬಾಗಿಲನ್ನು ಮತ್ತೆ ಜೋಡಿಸಿ ನಿಲ್ಲಿಸಿರುವುದೂ ಬರ್ಲಿನ್‌ನಲ್ಲೇ. ಆ ಪೆರ್ಗಮಾನ್ ಮ್ಯೂಸಿಯಂ 2023ರ ಅಕ್ಟೋಬರ್‌ನಲ್ಲಿ ದುರಸ್ತಿಗೆ ಅಂತ ಬಾಗಿಲು ಹಾಕಿತು. ಆದ್ದರಿಂದ ತೆರೆದಿದೆಯೇ ಅಂತ ನೋಡಿಕೊಂಡೇ ಹೊರಡಿ. ಅಷ್ಟು ದೂರ ಆಗದಿದ್ದರೆ ಜಾಗದ ಪಕ್ಕದ ಪುಟ್ಟ ಮ್ಯೂಸಿಯಂ ಸಾಕು. ಅಲ್ಲಿ ಊರಿನ ಮಾದರಿ ಇದ್ದರೆ ಅದರ ಮುಂದೆ ಹದಿನೈದು ನಿಮಿಷ ನಿಲ್ಲಿ. ನಾಲ್ಕು ಕಡೆಯಿಂದ ಫೋಟೊ ತೆಗೆದುಕೊಳ್ಳಿ. ಹೊರಗೆ ಇಡೀ ದಿನ ಅದೇ ಕೈಹಿಡಿಯುವುದು.

ಹಂತ 5: ಹೊತ್ತು ಮತ್ತು ಚೀಲ

ಮಧ್ಯಾಹ್ನ ಹೋಗಬೇಡಿ. ಬಿಸಿಲಿಗಾಗಿ ಮಾತ್ರ ಹೇಳುತ್ತಿಲ್ಲ. ಸೂರ್ಯ ನೆತ್ತಿಯ ಮೇಲಿದ್ದಾಗ ನೆಲ ಚಪ್ಪಟೆ ಕಾಣುತ್ತದೆ. ಬೆಳಗಿನ ಮೊದಲ ಒಂದು ಗಂಟೆ, ಸಂಜೆಯ ಕೊನೆಯ ಒಂದು ಗಂಟೆ ಓರೆ ಬೆಳಕು ಇರುತ್ತದೆ. ಆಗ ಒಂದು ಗೇಣಿನ ಏರಿಗೂ ಉದ್ದ ನೆರಳು ಬಂದು, ಕಾಣದ ಗೋಡೆ ಗೆರೆ ಎಳೆದ ಹಾಗೆ ಎದ್ದು ಬರುತ್ತದೆ. ಸಂಜೆ ಒಂದು ಸಲ, ಮಾರನೇ ಬೆಳಿಗ್ಗೆ ಇನ್ನೊಂದು ಸಲ ಹೋಗುವಂತೆ ಲೆಕ್ಕ ಹಾಕಿದರೆ ಉತ್ತಮ.

ಟೋಪಿ, ದಪ್ಪ ಅಟ್ಟೆಯ ಬೂಟು, ಅಂದುಕೊಂಡಿದ್ದಕ್ಕಿಂತ ಎರಡರಷ್ಟು ನೀರು. ದಿಕ್ಸೂಚಿ, ಸಣ್ಣ ಟೇಪು, ಪೆನ್ಸಿಲು, ಸಾಧ್ಯವಾದರೆ ದುರ್ಬೀನು. ಕಲ್ಲಿನ ಸಂದಿಗೆ ಕೈ ಹಾಕಬೇಡಿ, ಹಾವು ಚೇಳುಗಳಿಗೂ ಅದೇ ನೆರಳು ಬೇಕು. ಹುಲ್ಲು ಮುಚ್ಚಿದ ಹಳೆಯ ಬಾವಿ, ಅಗೆದು ಬಿಟ್ಟ ಗುಂಡಿ ಇರುತ್ತವೆ. ಕಾಲುದಾರಿ ಬಿಟ್ಟರೆ ಪ್ರತಿ ಹೆಜ್ಜೆ ನೋಡಿ ಇಡಿ.

ಹಂತ 6: ಎತ್ತರ, ನೀರು, ಬಾಗಿಲು

ನೇರ ಅರಮನೆಗೆ ಓಡಬೇಡಿ. ಮೊದಲು ಅಲ್ಲಿನ ಅತಿ ಎತ್ತರದ ಜಾಗ ಹತ್ತಿ. ನಕ್ಷೆಯನ್ನು ಉತ್ತರಕ್ಕೆ ತಿರುಗಿಸಿ, ಕಾಣುವ ಮೂರು ಗುರುತನ್ನು ಅದರಲ್ಲಿ ಹುಡುಕಿ. ಅಳತೆ ಅಲ್ಲೇ ಅರಿವಿಗೆ ಬರುತ್ತದೆ. ಹತ್ತೂಸದ ವಿಸ್ತಾರ ಸುಮಾರು 180 ಹೆಕ್ಟೇರ್. ಅಮಾರ್ನ ನೈಲ್ ದಡದಲ್ಲಿ ಸುಮಾರು 10 ಕಿಲೋಮೀಟರ್ ಉದ್ದಕ್ಕೆ ಚಾಚಿಕೊಂಡಿದೆ. ಯಾವುದಕ್ಕೆ ಗಾಡಿ ಬೇಕು, ಯಾವುದಕ್ಕೆ ಕಾಲು ಸಾಕು ಅಂತ ಮೇಲಿಂದಲೇ ತೀರ್ಮಾನಿಸಿ.

ಆಮೇಲೆ ನೀರು. ನೀರಿಲ್ಲದ ಕಡೆ ಯಾರೂ ರಾಜಧಾನಿ ಕಟ್ಟುವುದಿಲ್ಲ. ಆದರೆ ನದಿ ಅಂದು ಇದ್ದ ಕಡೆಯೇ ಇಂದೂ ಇರಬೇಕೆಂದಿಲ್ಲ. ಈಜಿಪ್ಟಿನ ಹಳೆಯ ರಾಜಧಾನಿ ಮೆಂಫಿಸ್ ಕಟ್ಟಿದ ಮೇಲೆ ನೈಲ್ ನದಿ ಪೂರ್ವಕ್ಕೆ ಸರಿದುಹೋಗಿದೆ. ಅಲ್ಲಿ ಖರ್ಜೂರದ ತೋಟದ ನಡುವೆ ನಿಂತು "ಇಲ್ಲೇಕೆ ಕಟ್ಟಿದರು" ಅಂತ ತಲೆ ಕೆರೆದುಕೊಳ್ಳುವವರು ಇದನ್ನು ನೆನೆಯಬೇಕು. ಇರಾನಿನ ಪಸರ್ಗಾಡೆಯಲ್ಲಿ ಕಟ್ಟಡಗಳಿಗಿಂತ ನನಗೆ ಇಷ್ಟವಾಗುವುದು ಕಲ್ಲಿನ ಕಾಲುವೆ. ಕೈಯಗಲದ ತೋಡು, ನಡುನಡುವೆ ಚೌಕದ ತೊಟ್ಟಿ. ಪರ್ಷಿಯಾದ ದೊರೆ ಸೈರಸ್‌ನ ಉದ್ಯಾನದಲ್ಲಿ ಉಳಿದಿರುವುದು ಅಷ್ಟೇ. ಆ ಗೆರೆಯ ಉದ್ದಕ್ಕೆ ನಡೆದರೆ ಗಿಡಮರ ಇಲ್ಲದೆಯೂ ತೋಟದ ಆಕಾರ ಸಿಗುತ್ತದೆ.

ಬಾಗಿಲುಗಳು ಸಿಕ್ಕರೆ ಪ್ರತಿಯೊಂದರಲ್ಲೂ ನಿಲ್ಲಿ. ಮಂಗೋಲರ ರಾಜಧಾನಿ ಕಾರಕೋರಮ್‌ಗೆ 1254ರಲ್ಲಿ ಹೋಗಿದ್ದ ಸನ್ಯಾಸಿ ರುಬ್ರುಕ್‌ನ ವಿಲಿಯಂ ನಾಲ್ಕು ಬಾಗಿಲಿನ ಸಂತೆಗಳನ್ನು ಬರೆದಿಟ್ಟಿದ್ದಾನೆ. ಪೂರ್ವದ ಬಾಗಿಲಲ್ಲಿ ಧಾನ್ಯ, ಪಶ್ಚಿಮದಲ್ಲಿ ಕುರಿ ಮೇಕೆ, ದಕ್ಷಿಣದಲ್ಲಿ ಎತ್ತು ಮತ್ತು ಗಾಡಿ, ಉತ್ತರದಲ್ಲಿ ಕುದುರೆ. ಈಗ ಅಲ್ಲಿ ಹುಲ್ಲುಗಾವಲು ಬಿಟ್ಟರೆ ಹೆಚ್ಚೇನಿಲ್ಲ. ಆದರೂ ಉತ್ತರದ ಕಡೆ ನಿಂತಾಗ ಕುದುರೆ, ದಕ್ಷಿಣದ ಕಡೆ ಗಾಡಿ ಅಂತ ಗೊತ್ತಿರುವವನಿಗೆ ಎರಡೂ ಒಂದೇ ಹುಲ್ಲಲ್ಲ. ಹಾಗಂತ ವಿಲಿಯಂಗೆ ಊರೇನೂ ಹಿಡಿಸಿರಲಿಲ್ಲ. ಖಾನನ ಅರಮನೆ ಬಿಟ್ಟರೆ ಇದು ಪ್ಯಾರಿಸ್ ಪಕ್ಕದ ಸೇಂಟ್ ಡೆನಿಸ್ ಹಳ್ಳಿಗೂ ಸಮವಲ್ಲ ಅಂದಿದ್ದ. ಊರು ಜೀವಂತವಾಗಿದ್ದಾಗಲೇ "ಇಷ್ಟೇನಾ" ಅಂದವನು!

ಹಂತ 7: ಮೊಣಕಾಲೆತ್ತರದ ಗೋಡೆಯನ್ನು ಓದುವುದು

ಇಲ್ಲಿ ನಿಧಾನ ಮಾಡಿ. ಈ ಒಂದು ಕಲೆ ಬಂದರೆ ಯಾವ ಹಾಳೂ ಬೇಜಾರು ತರಿಸುವುದಿಲ್ಲ.

ಗಿಡ್ಡ ಗೋಡೆ ಅಂದರೆ ಮುರಿದ ಗೋಡೆ ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ಸುಳ್ಳು. ಹತ್ತೂಸದ ದೊಡ್ಡ ಗುಡಿಯಲ್ಲಿ ಕಲ್ಲು ಇದ್ದದ್ದೇ ಅಷ್ಟೆತ್ತರ. ಅದರ ಮೇಲೆ ಮರದ ಚೌಕಟ್ಟು, ಹಸಿ ಇಟ್ಟಿಗೆ. ಕಲ್ಲಿನ ಮೇಲ್ಮುಖವನ್ನು ನೋಡಿ: ಕೊರೆದ ದುಂಡನೆಯ ತೂತುಗಳಿವೆ. ಮರದ ತೊಲೆಗಳನ್ನು ಕೂರಿಸಲು ಮಾಡಿದ್ದು ಅವು. ಅಂದರೆ ನೀವು ನೋಡುತ್ತಿರುವುದು ಪೂರ್ತಿಯಾಗಿ ಉಳಿದ ತಳಪಾಯ. ಮೇಲಿನದ್ದು ಮಾತ್ರ ಕರಗಿದೆ.

ಹೊಸ್ತಿಲು ಹುಡುಕಿ. ಮೂಲೆಯಲ್ಲಿ ನುಣುಪಾದ ಗುಂಡು ಗುಳಿ ಇದ್ದರೆ ಬಾಗಿಲು ತಿರುಗುತ್ತಿದ್ದ ಜಾಗ ಅದು. ಒಂದು ಗುಳಿಯಿದ್ದರೆ ಒಂಟಿ ಕದ, ಎರಡು ತುದಿಗೂ ಇದ್ದರೆ ಜೋಡಿ ಕದ. ಗುಳಿ ಯಾವ ಕಡೆಗಿದೆ ಅನ್ನುವುದರಿಂದ ಒಳಗು ಯಾವುದು ಹೊರಗು ಯಾವುದು ಅಂತ ಊಹಿಸಬಹುದು. ಹೊಸ್ತಿಲ ನಡುವೆ ಸವೆದಿದೆಯೇ? ಜನ ಓಡಾಡಿದ ಬಾಗಿಲು. ಸವೆದೇ ಇಲ್ಲವೇ? ಹೆಚ್ಚು ಜನರನ್ನು ಒಳಗೆ ಬಿಡದ ಕೋಣೆ ಇರಬಹುದು.

ಇನ್ನು ಕಂಬದ ಬುಡಗಳು. ಒಂದರಿಂದ ಇನ್ನೊಂದಕ್ಕೆ ಹೆಜ್ಜೆ ಹಾಕಿ. ದೊಡ್ಡವರ ಸಾಮಾನ್ಯ ಹೆಜ್ಜೆ ಸುಮಾರು 75 ಸೆಂಟಿಮೀಟರ್, ನಿಮ್ಮದು ಎಷ್ಟು ಅಂತ ಮನೆಯಲ್ಲೇ ಅಳೆದುಕೊಳ್ಳಿ. ಬುಡಗಳು ಒತ್ತೊತ್ತಾಗಿದ್ದರೆ ಮೇಲೆ ಕಲ್ಲಿನ ತೊಲೆ ಇದ್ದಿರಬೇಕು. ಕಲ್ಲು ಉದ್ದಕ್ಕೆ ಚಾಚಿದರೆ ತನ್ನ ಭಾರಕ್ಕೇ ಬಿರಿಯುತ್ತದೆ. ಈಜಿಪ್ಟಿನ ಕಾರ್ನಾಕ್ ಗುಡಿಯ ಮಂಟಪದಲ್ಲಿ 134 ಕಂಬಗಳು ಕಾಡಿನಂತೆ ಒತ್ತಾಗಿರುವುದು ಅದಕ್ಕೇ. ಬುಡಗಳ ನಡುವೆ ಎಂಟೊಂಬತ್ತು ಮೀಟರ್ ಇದ್ದರೆ ಮೇಲೆ ಮರ. ಇರಾನಿನ ಪರ್ಸೆಪೋಲಿಸ್‌ನ ಸಭಾಮಂಟಪ ಹಾಗಿದೆ. ತೊಲೆ ಒಂದೂ ಉಳಿದಿಲ್ಲ, ಆದರೂ ಮರದ್ದಿತ್ತು ಅಂತ ಬುಡಗಳೇ ಹೇಳುತ್ತವೆ.

ಎತ್ತರ ಎಷ್ಟಿತ್ತು? ಗ್ರೀಕರ ಅಯೋನಿಕ್ ಶೈಲಿಯ ಕಂಬವಾದರೆ ಬುಡದ ಅಡ್ಡಳತೆಯ ಸುಮಾರು ಒಂಬತ್ತರಷ್ಟು. ಬೇರೆ ನಾಡಿನ ಕಂಬಕ್ಕೆ ಬೇರೆ ಲೆಕ್ಕ, ಎಲ್ಲದಕ್ಕೂ ಇದನ್ನೇ ಅಂಟಿಸಬೇಡಿ. ಲೆಕ್ಕ ಸಿಕ್ಕರೆ ಪಕ್ಕದಲ್ಲಿರುವ ಮರವನ್ನೋ ವಿದ್ಯುತ್ ಕಂಬವನ್ನೋ ನೋಡಿ, ಅಷ್ಟೆತ್ತರಕ್ಕೆ ತಲೆ ಎತ್ತಿ. ಅಮಾರ್ನದ ಚಿಕ್ಕ ಗುಡಿಯಲ್ಲಿ ಈ ಕೆಲಸ ಸುಲಭ ಮಾಡಲು ಒಂದು ನಕಲಿ ಕಂಬವನ್ನೇ ನಿಲ್ಲಿಸಿದ್ದಾರೆ.

ಹಂತ 8: ಹಳೆಯದು ಯಾವುದು, ಹೊಸದು ಯಾವುದು

ಎದ್ದು ಕಾಣುವುದೆಲ್ಲ ಹಳೆಯದಲ್ಲ. ದುರಸ್ತಿ ಮಾಡಿದ ಭಾಗ ಮೂಲದಿಂದ ಬೇರೆಯಾಗಿ ತಿಳಿಯಬೇಕು ಅಂತ ಸ್ಮಾರಕಗಳ ಸಂರಕ್ಷಣೆ ಕುರಿತ 1964ರ ವೆನಿಸ್ ಸನ್ನದು ಹೇಳುತ್ತದೆ. ಹಾಗಾಗಿ ಗೋಡೆಯಲ್ಲಿ ಬಣ್ಣ ಬದಲಾಗುವ ಗೆರೆ, ಗಾರೆಯ ಬೇರೆ ಪಟ್ಟಿ ಹುಡುಕಿ. ಗೆರೆಯ ಕೆಳಗಿನದ್ದು ಸಾಮಾನ್ಯವಾಗಿ ಮೂಲ.

ಮರುನಿರ್ಮಾಣ ಅಂದ ಕೂಡಲೇ ಮೂಗು ಮುರಿಯುವವರಿದ್ದಾರೆ. ನಾನು ಅಷ್ಟು ಕಟ್ಟಾ ಅಲ್ಲ. ಹತ್ತೂಸದಲ್ಲಿ 2003ರಿಂದ 2005ರ ನಡುವೆ 65 ಮೀಟರ್ ಕೋಟೆಗೋಡೆಯನ್ನು ಹಸಿ ಇಟ್ಟಿಗೆಯಲ್ಲೇ ಕಟ್ಟಿದರು. ಅದನ್ನು ನೋಡಿದ ಮೇಲೆ ಉಳಿದ ಕಿಲೋಮೀಟರುಗಟ್ಟಲೆ ತಳಪಾಯ ತಾನಾಗಿ ಎದ್ದು ನಿಲ್ಲುತ್ತದೆ. ಬ್ಯಾಬಿಲೋನ್ ಬೇರೆ ಕಥೆ. ಅಲ್ಲಿನ ಪ್ರಾಚೀನ ದೊರೆ ನೆಬುಕಡ್ನೆಜರ್ ತನ್ನ ಇಟ್ಟಿಗೆಗಳ ಮೇಲೆ ಹೆಸರು ಒತ್ತಿಸಿದ್ದ. 1980ರ ದಶಕದಲ್ಲಿ ಸದ್ದಾಂ ಹುಸೇನ್ ಹಳೆಯ ಅಡಿಪಾಯದ ಮೇಲೇ ಗೋಡೆ ಎಬ್ಬಿಸಿ, ಇಟ್ಟಿಗೆಗಳಲ್ಲಿ ತನ್ನ ಹೆಸರನ್ನೂ ಕೆತ್ತಿಸಿದ. ಅಲ್ಲಿ ಕೆಳಗೆ ಬಾಗಿ ಇಟ್ಟಿಗೆ ಓದುವುದು ಒಳ್ಳೆಯದು. ಅಂದ ಹಾಗೆ, ಅವನಿಗಿಂತ ಹಿಂದಿನ ದೊರೆ ಹಮ್ಮುರಾಬಿಯ ಬ್ಯಾಬಿಲೋನ್ ಇದಕ್ಕೂ ಕೆಳಗಿದೆ. ಅಗೆದವರಿಗೆ ನೀರು ಅಡ್ಡ ಬಂದು ಅಷ್ಟು ಆಳಕ್ಕೆ ಹೋಗಲಾಗಲಿಲ್ಲ.

ಹಂತ 9: ಪಕ್ಕದ ಊರಿಗೆ ಹೋಗಿ

ರಾಜಧಾನಿಯ ಕಲ್ಲು ಹುಡುಕಬೇಕಾದದ್ದು ಪಕ್ಕದ ಊರಿನ ಗೋಡೆಯಲ್ಲಿ.

ಕಾರಕೋರಮ್‌ನ ಕಲ್ಲುಗಳು 1585ರ ಸುಮಾರಿಗೆ ಪಕ್ಕದಲ್ಲೇ ಕಟ್ಟಿದ ಎರ್ದೆನೆ ಜೂ ಮಠಕ್ಕೆ ಹೋದವು. ಮಠದ ಸುತ್ತ 108 ಸ್ತೂಪಗಳ ಗೋಡೆಯಿದೆ. ಹೊರಗೆ ಹುಲ್ಲಿನಲ್ಲಿ ಒಂದು ಕಲ್ಲಿನ ಆಮೆ ಒಂಟಿಯಾಗಿ ಕೂತಿದೆ, ಬೆನ್ನ ಮೇಲಿನ ಶಾಸನ ಕಳೆದುಕೊಂಡು. ಅಮಾರ್ನದ ಗುಡಿಗಳ ಕಲ್ಲು ನದಿ ದಾಟಿ ಹರ್ಮೊಪೊಲಿಸ್ ಊರಿನ ಕಟ್ಟಡಗಳ ಅಡಿಪಾಯ ಸೇರಿತು. ಬೇಗ ಕಟ್ಟಲಿ ಅಂತ ಒಬ್ಬ ಆಳು ಹೊರುವ ಗಾತ್ರದಲ್ಲಿ, ಅರ್ಧ ಮೀಟರ್ ಉದ್ದಕ್ಕೆ ಕತ್ತರಿಸಿದ್ದರು. ಬೇಗ ಕಟ್ಟಿದ್ದು ಬೇಗ ಬಿಚ್ಚಲೂ ಬಂತು! ಪಸರ್ಗಾಡೆಯಲ್ಲಿ 13ನೇ ಶತಮಾನದಲ್ಲಿ ಸೈರಸ್‌ನ ಸಮಾಧಿಯ ಸುತ್ತ ಮಸೀದಿ ಕಟ್ಟಲು ಅರಮನೆಯ ಕಂಬಗಳನ್ನು ತಂದಿದ್ದರು. ಸಮಾಧಿ ಮಾತ್ರ ಉಳಿಯಿತು. ಜನ ಅದನ್ನು ಸುಲೇಮಾನನ ತಾಯಿಯ ಗೋರಿ ಅಂತ ನಂಬಿದ್ದರು. ಆ ನಂಬಿಕೆಯೇ ಅದನ್ನು ಕಾಯಿತು ಅನ್ನುವ ಮಾತಿದೆ.

ಹಾಗಾಗಿ ಹಳೆಯ ಮನೆ, ಗುಡಿ, ಮಸೀದಿ, ಬಾವಿಕಟ್ಟೆ, ಸೇತುವೆ ನೋಡಿ. ಒರಟು ಕಲ್ಲುಗಳ ನಡುವೆ ಒಂದೇ ಒಂದು ನುಣುಪಾಗಿ ಕೆತ್ತಿದ್ದಿದ್ದರೆ, ಅಕ್ಷರ ತಲೆಕೆಳಗಾಗಿದ್ದರೆ, ಮೆಟ್ಟಿಲಿನಲ್ಲಿ ಹೂವಿನ ಕೆತ್ತನೆ ಇದ್ದರೆ, ಅದು ಬೇರೆ ಎಲ್ಲಿಂದಲೋ ಬಂದದ್ದು. ಊರಿನ ಹಿರಿಯರನ್ನು ಮಾತಾಡಿಸಿ. ಅರಮನೆ ಎಲ್ಲಿ ಅಂತ ಕೇಳಬೇಡಿ, ದಿಬ್ಬದ ಹೆಸರೇನು, ಹೊಲದ ಹೆಸರೇನು ಅಂತ ಕೇಳಿ. ಹೆಸರಿನಲ್ಲಿ ಕೋಟೆ, ಟಂಕಸಾಲೆ, ಆನೆ ಲಾಯ ಉಳಿದಿರುತ್ತವೆ. ಮನೆಯ ಗೋಡೆಯ ಫೋಟೊ ತೆಗೆಯುವ ಮುಂಚೆ ಮನೆಯವರ ಒಪ್ಪಿಗೆ ಕೇಳಿ.

ಹಂತ 10: ಎತ್ತಬೇಡಿ

ಮಡಕೆ ಚೂರು ಕಾಲಿಗೆ ಸಿಗುತ್ತವೆ. ಒಂದು ಎತ್ತಿ ಜೇಬಿಗೆ ಹಾಕಿದರೆ ಏನಾಗುತ್ತದೆ ಅನ್ನಿಸುತ್ತದೆ. ಟರ್ಕಿ, ಈಜಿಪ್ಟ್‌ಗಳಂಥ ದೇಶಗಳಲ್ಲಿ ಅದು ನೇರ ಅಪರಾಧ, ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ಬಿಡಿಸಲು ಯಾರೂ ಬರುವುದಿಲ್ಲ. ಕಾನೂನು ಹಾಗಿರಲಿ, ಚೂರು ಬಿದ್ದ ಜಾಗವೇ ಅದರ ಅರ್ಧ ಮಾಹಿತಿ. ಮೇಲೆ ಏನೂ ಇಲ್ಲದ ಕಡೆ ಕೆಳಗೆ ಯಾವ ಕಾಲದ ಊರಿದೆ ಅಂತ ತಜ್ಞರು ಹೇಳುವುದು ಈ ಚೂರುಗಳ ಹರಡುವಿಕೆ ನೋಡಿಯೇ. ಪಕ್ಕದಲ್ಲಿ ಪೆನ್ಸಿಲು ಇಟ್ಟು ಫೋಟೊ ತೆಗೆದು ಮುಂದೆ ನಡೆಯಿರಿ. ಹಸಿ ಇಟ್ಟಿಗೆಯ ಗೋಡೆ ಹತ್ತಬೇಡಿ, ಒಂದು ಹೆಜ್ಜೆಗೂ ಅದು ಉದುರುತ್ತದೆ. ಡ್ರೋನ್ ಇದ್ದರೆ ಅನುಮತಿಯಿಲ್ಲದೆ ಚೀಲದಿಂದ ಹೊರಗೆ ತೆಗೆಯಬೇಡಿ.

ಹಂತ 11: ಮಾರನೇ ಬೆಳಿಗ್ಗೆ

ರಾತ್ರಿ ಕೋಣೆಯಲ್ಲಿ ಕೂತು ನಕ್ಷೆಯ ಮೇಲೆ ನಡೆದ ದಾರಿಯನ್ನು ಬಣ್ಣದ ಪೆನ್ಸಿಲಿನಲ್ಲಿ ಗೀಚಿ. ಫೋಟೊಗಳಿಗೆ ಆಗಲೇ ಹೆಸರು ಬರೆಯಿರಿ. ಒಂದು ವಾರ ಬಿಟ್ಟು ನೋಡಿದರೆ ಮೂವತ್ತು ಗಿಡ್ಡ ಗೋಡೆಗಳೂ ಒಂದೇ ಥರ ಕಾಣುತ್ತವೆ, ಅನುಭವದ ಮಾತು. ಬಣ್ಣ ಬೀಳದ ಜಾಗ ಯಾವುದು ಅಂತ ನೋಡಿ. ಎಷ್ಟೋ ಸಲ ಅದು ಸಾಮಾನ್ಯರು ವಾಸವಿದ್ದ ಕೇರಿಯಾಗಿರುತ್ತದೆ. ಅಲ್ಲಿ ಬೋರ್ಡು ಇರುವುದಿಲ್ಲ, ಟಿಕೆಟ್ಟಿನ ಹಿಂದಿನ ಚಿತ್ರದಲ್ಲೂ ಅದು ಇರುವುದಿಲ್ಲ. ಬೆಳಿಗ್ಗೆ ಬೆಳಕು ಓರೆಯಾಗಿರುವಾಗಲೇ ಮೊದಲು ಅಲ್ಲಿಗೆ ಹೋಗಿ.